ತನ್ನ ಕಣ್ಣನ್ನೇ ಅಳೆದ ಜಾರ್ಜ್ ಏರಿ

ಹತ್ತನೆಯ ತರಗತಿಗೆ ಮಾನವನ ಕಣ್ಣಿನ ಪಾಠ ಮಾಡುವಾಗ ಸಮೀಪದೃಷ್ಟಿ, ದೂರದೃಷ್ಟಿ ದೋಷಗಳನ್ನು ವಿವರಿಸುತ್ತೇವೆ. ಆಸ್ಟಿಗ್ಮ್ಯಾಟಿಸಂ ಎಂಬ ಇನ್ನೊಂದು ದೋಷದ ಮಾತು ಅಷ್ಟಾಗಿ ಬರುವುದಿಲ್ಲ. ಅದನ್ನು ಹೇಳಲು ಜಾರ್ಜ್ ಬಿಡೆಲ್ ಏರಿ ಅವರ ಜೀವನ ಒಳ್ಳೆಯ ದಾರಿ.

ಏರಿ 1801ರ ಜುಲೈ 27ರಂದು ಇಂಗ್ಲೆಂಡಿನ ಆಲ್ನಿಕ್ ಊರಿನಲ್ಲಿ ಹುಟ್ಟಿದರು. ಸುಂಕ ಇಲಾಖೆಯಲ್ಲಿದ್ದ ತಂದೆಗೆ ಕೆಲಸ ಹೋಗಿ ಮನೆಯಲ್ಲಿ ಬಡತನ ಬಂತು. 1819ರಲ್ಲಿ ಶುಲ್ಕ ರಿಯಾಯಿತಿಯ ವಿದ್ಯಾರ್ಥಿಯಾಗಿ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜು ಸೇರಿದ ಅವರು 1823ರ ಗಣಿತ ಪರೀಕ್ಷೆಯಲ್ಲಿ ಮೊದಲಿಗರಾದರು.

ಓದುವಾಗ ತಮ್ಮ ಎಡಗಣ್ಣು ಕೆಲಸವನ್ನೇ ಮಾಡುತ್ತಿಲ್ಲವೆಂಬುದು ಅವರಿಗೆ ಗೊತ್ತಾಯಿತು. ಸಾಮಾನ್ಯ ನಿಮ್ನ ಮಸೂರದಿಂದಲೂ ಅದು ಸರಿಹೋಗಲಿಲ್ಲ. ಏರಿ ಅಲ್ಲಿಗೆ ಕೈಬಿಡದೆ ಅಳತೆಗೆ ಇಳಿದರು. ಕಪ್ಪು ಕಾರ್ಡಿನಲ್ಲಿ ಸೂಜಿಯಿಂದ ತೂತು ಮಾಡಿ, ಬೆಳಕಿಗೆ ಹಿಡಿದು, ಕಣ್ಣಿನ ಮುಂದೆ ಹಿಂದೆ ಮುಂದೆ ಸರಿಸಿದರು. ಒಂದು ದೂರದಲ್ಲಿ ಆ ಚುಕ್ಕೆ ಓರೆ ಗೆರೆಯಂತೆ ಕಂಡಿತು. ಇನ್ನೂ ಹತ್ತಿರ ತಂದಾಗ ಅದಕ್ಕೆ ಲಂಬವಾದ ಗೆರೆಯಾಯಿತು. ಅಂದರೆ ಅವರ ಕಣ್ಣು ಎರಡು ದಿಕ್ಕುಗಳಲ್ಲಿ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಾಗಿಸುತ್ತಿತ್ತು. ಅದಕ್ಕೆ ತಕ್ಕಂತೆ ಒಂದು ಮೈ ಗೋಳಾಕಾರ, ಇನ್ನೊಂದು ಮೈ ಸಿಲಿಂಡರಾಕಾರ ಇರುವ ಮಸೂರವನ್ನು ಲೆಕ್ಕಹಾಕಿ, ಇಪ್ಸ್‌ವಿಚ್‌ನ ಫುಲ್ಲರ್ ಎಂಬ ಕನ್ನಡಕದವರಿಂದ ಮಾಡಿಸಿಕೊಂಡರು. 1825ರಲ್ಲಿ ಇದನ್ನು ಕೇಂಬ್ರಿಡ್ಜ್ ಫಿಲಾಸಫಿಕಲ್ ಸೊಸೈಟಿಯ ಮುಂದಿಟ್ಟರು. ಈ ದೋಷವನ್ನು ಥಾಮಸ್ ಯಂಗ್ 1801ರಲ್ಲೇ ತಮ್ಮ ಕಣ್ಣಿನಲ್ಲಿ ಗುರುತಿಸಿದ್ದರು. ಆಸ್ಟಿಗ್ಮ್ಯಾಟಿಸಂ ಎಂಬ ಹೆಸರು ಕೊಟ್ಟವರು ವಿಲಿಯಂ ಹ್ಯೂವೆಲ್.

1835ರಿಂದ 1881ರವರೆಗೆ ಏರಿ ಬ್ರಿಟನ್ನಿನ ರಾಜ ಖಗೋಳಜ್ಞರಾಗಿ ಗ್ರೀನಿಚ್‌ನಲ್ಲಿ ದುಡಿದರು. ವಯಸ್ಸಾದಂತೆ ತಮ್ಮ ಕಣ್ಣು ಹೇಗೆ ಬದಲಾಗುತ್ತಿದೆ ಎಂದು ಮತ್ತೆ ಮತ್ತೆ ಅಳೆದು ಪ್ರಕಟಿಸಿದರು. 1892ರ ಜನವರಿ 2ರಂದು ತೀರಿಕೊಂಡರು.

ನನಗೂ ಈ ದೋಷವಿದೆ. ಪದವಿಯಲ್ಲಿ ಎನ್‌ಸಿಸಿ ಫೈರಿಂಗ್‌ನಲ್ಲಿ ಗುರಿ ಮಸುಕಾಗಿ ಕಂಡಾಗಲೇ ಅದು ತಿಳಿದದ್ದು. ಟೋರಿಕ್ ಕಾಂಟ್ಯಾಕ್ಟ್ ಲೆನ್ಸ್ ಕೊಟ್ಟ ವೈದ್ಯರು, ಕೆನ್ನೆಯನ್ನು ರೈಫಲ್‌ಗೆ ಒತ್ತಿ ತಲೆ ವಾಲಿಸಿದಾಗಲೂ ಅದು ಕಣ್ಣಿನಲ್ಲಿ ತಿರುಗದೆ ನಿಲ್ಲುತ್ತದೆಯೇ ಎಂದು ನೋಡಿದರು. ಪವರ್ ಸರಿಯಿದ್ದರೂ ದಿಕ್ಕು ತಪ್ಪಿದರೆ ಪ್ರಯೋಜನವಿಲ್ಲ. ಏರಿ ಗೆರೆಯ ಓರೆಯನ್ನೂ ಅಳೆದದ್ದು ಇದಕ್ಕೇ.

ಬೋಧನಾಭ್ಯಾಸದ ವೇಳೆ ಕಪ್ಪುಹಲಗೆಯ ಮೇಲೆ ದೊಡ್ಡ ಕೂಡಿಸುವ ಚಿಹ್ನೆ ಬರೆದು, ಒಂದೊಂದೇ ಕಣ್ಣು ಮುಚ್ಚಿ ನೋಡಲು ಹೇಳಿದೆ. ಒಬ್ಬ ಹುಡುಗಿ ಅಡ್ಡಗೆರೆ ಮಾತ್ರ ಮಸುಕು ಎಂದಳು. ಹಲಗೆಯಿಂದ ಲೆಕ್ಕ ಬರೆದುಕೊಳ್ಳುವಾಗ ಋಣ ಚಿಹ್ನೆ ಬಿಡುತ್ತಾಳೆಂದು ನಾನು ಎರಡು ಸಲ ಗದರಿದ್ದು ಅವಳನ್ನೇ. ಈ ಚಟುವಟಿಕೆ ಕಣ್ಣಿನ ಪರೀಕ್ಷೆಯಲ್ಲ. ಆದ್ದರಿಂದ ವೈದ್ಯರಿಗೆ ತೋರಿಸುವಂತೆ ಮನೆಯವರಿಗೆ ತಿಳಿಸಲು ತರಗತಿ ಶಿಕ್ಷಕರಲ್ಲಿ ಕೇಳಿಕೊಂಡೆ. ಅವಳ ನೋಟ್‌ಬುಕ್ಕಿನಲ್ಲಿ ಅಜಾಗರೂಕತೆ ಎಂದು ಬರೆದಿದ್ದನ್ನು ನಾನೇ ಹೊಡೆದುಹಾಕಿದೆ.