ಯೋಸೆಫ್ ಸುದೆಕ್

ಯೋಸೆಫ್ ಸುದೆಕ್ (17 ಮಾರ್ಚ್ 1896 – 15 ಸೆಪ್ಟೆಂಬರ್ 1976) ಪ್ರಾಗ್ ನಗರದಲ್ಲಿ ನೆಲೆಸಿದ್ದ ಪ್ರಸಿದ್ಧ ಜೆಕ್ ಛಾಯಾಗ್ರಾಹಕರು. ಮೊದಲನೆಯ ಮಹಾಯುದ್ಧದಲ್ಲಿ ಬಲಗೈಯನ್ನು ಕಳೆದುಕೊಂಡ ಇವರು ಒಂದೇ ಕೈಯಿಂದ ದೊಡ್ಡ ಕ್ಯಾಮೆರಾಗಳನ್ನು ನಿರ್ವಹಿಸಿದರು. ಮನೆಯ ಕಿಟಕಿಯ ಬಳಿ ಗಾಜಿನ ಲೋಟದಲ್ಲಿರಿಸಿದ ಹೂವುಗಳ ಚಿತ್ರಗಳು ಇವರಿಗೆ ವಿಶೇಷ ಖ್ಯಾತಿ ತಂದುಕೊಟ್ಟವು.

ಆರಂಭಿಕ ಜೀವನ

ಸುದೆಕ್ ಜನಿಸಿದ್ದು ಅಂದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿದ್ದ ಬೊಹೀಮಿಯಾ ಪ್ರಾಂತ್ಯದ ಕೊಲೀನ್ ಪಟ್ಟಣದಲ್ಲಿ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬನ್ನು ಕಲಿತರು. ಸೈನ್ಯಕ್ಕೆ ಸೇರಿ ಇಟಲಿಯ ರಣರಂಗದಲ್ಲಿದ್ದಾಗ ತೀವ್ರವಾಗಿ ಗಾಯಗೊಂಡಿದ್ದರಿಂದ ಅವರ ಬಲಗೈಯನ್ನು ಕತ್ತರಿಸಬೇಕಾಯಿತು. ಎರಡು ಕೈಗಳನ್ನು ಬೇಡುವ ಹಳೆಯ ಕಸುಬು ಅಲ್ಲಿಗೆ ಮುಗಿಯಿತು. ಹವ್ಯಾಸವಾಗಿದ್ದ ಛಾಯಾಗ್ರಹಣವೇ ಜೀವನೋಪಾಯವಾಯಿತು.

ವೃತ್ತಿಜೀವನ

1922ರಲ್ಲಿ ಪ್ರಾಗ್‌ನ ಸರ್ಕಾರಿ ಗ್ರಾಫಿಕ್ ಶಾಲೆಯನ್ನು ಸೇರಿ ಅವರು ಛಾಯಾಗ್ರಹಣವನ್ನು ಕ್ರಮಬದ್ಧವಾಗಿ ಅಭ್ಯಾಸ ಮಾಡಿದರು. 1924ರಲ್ಲಿ ಯಾರೊಮಿರ್ ಫುಂಕೆ ಮೊದಲಾದವರೊಡನೆ ಜೆಕ್ ಛಾಯಾಗ್ರಹಣ ಸಂಘವನ್ನು ಸ್ಥಾಪಿಸಿದರು. ಸಂತ ವೀಟಸ್ ಕೆಥೆಡ್ರಲ್‌ನ ಚಿತ್ರಗಳ ಸಂಪುಟವು 1928ರಲ್ಲಿ ಪ್ರಕಟವಾಯಿತು. ಅದಕ್ಕೆ ಒಂದು ವರ್ಷ ಮೊದಲು ಅವರು ಉಯೆಜ್ದ್ ಬೀದಿಯ ಹಿತ್ತಿಲಿನ ಪುಟ್ಟ ಮರದ ಕಟ್ಟಡವನ್ನು ಸ್ಟುಡಿಯೋ ಮಾಡಿಕೊಂಡಿದ್ದರು. ಮುಂದೆ ಅನೇಕ ವರ್ಷ ಅದೇ ಅವರ ಮನೆಯೂ ಆಗಿತ್ತು.

ಕಿಟಕಿಯ ಚಿತ್ರಗಳು

1939ರಲ್ಲಿ ಜರ್ಮನ್ ಸೈನ್ಯವು ಪ್ರಾಗ್ ನಗರವನ್ನು ವಶಪಡಿಸಿಕೊಂಡಿತು. ಬೀದಿಗಳಲ್ಲಿ ಚಿತ್ರ ತೆಗೆಯುವುದು ಕಷ್ಟವಾದಾಗ ಸುದೆಕ್ ಮನೆಯೊಳಗಿನ ವಸ್ತುಗಳತ್ತ ತಿರುಗಿದರು. 1940ರಲ್ಲಿ ಆರಂಭವಾದ 'ನನ್ನ ಸ್ಟುಡಿಯೋದ ಕಿಟಕಿ' ಸರಣಿ 1954ರವರೆಗೆ ಮುಂದುವರಿಯಿತು. ಇಬ್ಬನಿ ಕವಿದ ಗಾಜು, ಅದರಾಚೆಯ ಹಿತ್ತಿಲಿನ ಮರ, ಈಚೆಗೆ ನೀರಿನ ಲೋಟದಲ್ಲೊಂದು ಹೂವು ಇವು ಆ ಚಿತ್ರಗಳಲ್ಲಿ ಮರಳಿ ಮರಳಿ ಕಾಣಿಸುತ್ತವೆ. ಕಿಟಕಿಯಿಂದ ಬರುವ ಸಹಜ ಬೆಳಕೇ ಅವುಗಳ ಜೀವಾಳ. 1956ರ 'ಕೊನೆಯ ಗುಲಾಬಿ' ಈ ಬಗೆಯ ಕೃತಿಗಳಲ್ಲಿ ಬಹಳ ಪ್ರಸಿದ್ಧವಾದುದು.

ತಂತ್ರ

1940ರಿಂದ ಸುದೆಕ್ ಚಿತ್ರಗಳನ್ನು ಹಿಗ್ಗಿಸಿ ಮುದ್ರಿಸುವುದನ್ನು ಕೈಬಿಟ್ಟು, ನೆಗೆಟಿವ್ ಅನ್ನು ನೇರವಾಗಿ ಕಾಗದದ ಮೇಲಿಟ್ಟು ಮುದ್ರಿಸುವ ಕಾಂಟ್ಯಾಕ್ಟ್ ಪ್ರಿಂಟ್ ವಿಧಾನವನ್ನು ಅನುಸರಿಸಿದರು. ಇದರಲ್ಲಿ ಮುದ್ರಿತ ಚಿತ್ರವು ನೆಗೆಟಿವ್‌ನ ಗಾತ್ರವನ್ನು ಮೀರುವುದಿಲ್ಲ. ಹೀಗಾಗಿ ದೊಡ್ಡ ಚಿತ್ರಕ್ಕೆ ದೊಡ್ಡ ಕ್ಯಾಮೆರಾ ಅನಿವಾರ್ಯವಾಗಿತ್ತು. ಆದರೆ ಎಸಳಿನ ನಯ, ನೀರಿನೊಳಗಿನ ತೊಟ್ಟು, ಬೂದುಬಣ್ಣದ ಸೂಕ್ಷ್ಮ ಛಾಯೆಗಳು ನಷ್ಟವಾಗದೆ ಉಳಿಯುತ್ತಿದ್ದವು.

ಕೊನೆಯ ವರ್ಷಗಳು

ಪ್ರಾಗ್ ನಗರದ 284 ವಿಶಾಲದೃಶ್ಯಗಳ ಗ್ರಂಥ 1959ರಲ್ಲಿ ಹೊರಬಂದಿತು. 1961ರಲ್ಲಿ ಅವರಿಗೆ ಸರ್ಕಾರದ ಕಲಾವಿದ ಗೌರವ ದೊರೆಯಿತು. ಅವಿವಾಹಿತರಾಗಿಯೇ ಉಳಿದ ಸುದೆಕ್ ಪ್ರಾಗ್‌ನಲ್ಲಿ ನಿಧನರಾದರು. ಅವರ ಮರಣಾನಂತರ ಬೆಂಕಿಗೆ ಆಹುತಿಯಾದ ಸ್ಟುಡಿಯೋವನ್ನು ಅದೇ ಸ್ಥಳದಲ್ಲಿ ಮರುನಿರ್ಮಿಸಲಾಗಿದ್ದು, ಅಲ್ಲಿ ಛಾಯಾಚಿತ್ರ ಪ್ರದರ್ಶನಗಳು ನಡೆಯುತ್ತವೆ.