ವಿಶ್ವೇಶ್ವರಯ್ಯನವರ ಹೊತ್ತು

ನಮ್ಮ ಜಕ್ಕೂರಿನಿಂದ ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ಯಲಹಂಕ, ದೇವನಹಳ್ಳಿಗಳನ್ನು ದಾಟಿ ಚಿಕ್ಕಬಳ್ಳಾಪುರದ ಸೀಮೆ ಸೇರಬಹುದು. ಮುದ್ದೇನಹಳ್ಳಿ ಇರುವುದು ಅಲ್ಲಿಯೇ. ದಕ್ಷಿಣಕ್ಕೆ ಹೊರಟರೆ ಹೆಬ್ಬಾಳ, ಆಮೇಲೆ ಬೆಂಗಳೂರಿನ ನಡುಪೇಟೆ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರಿಗೂ ಓದಿದ ಊರಿಗೂ ನಡುವೆ ನಮ್ಮೂರಿದೆ. ಚಿಕ್ಕವಳಾಗಿದ್ದಾಗ ಇದೇ ಒಂದು ದೊಡ್ಡ ನಂಟೆಂದು ತಿಳಿದು ಹೆಮ್ಮೆಪಡುತ್ತಿದ್ದೆ.

ಅವರ ಚರಿತ್ರೆಯನ್ನು ನಿಜವಾಗಿ ಓದಿದ್ದು ಒಂದು ಅವಮಾನದ ದೆಸೆಯಿಂದ. ಎರಡನೆಯ ವರ್ಷದಲ್ಲಿ ಚರ್ಚಾಸ್ಪರ್ಧೆಗೆ ಹೆಸರು ಕೊಟ್ಟಿದ್ದೆ. ಬಾಯಿ ಇದೆ, ಹೊತ್ತಿಗೆ ಮಾತು ಬರುತ್ತದೆ ಎಂದುಕೊಂಡು ವೇದಿಕೆ ಹತ್ತಿದೆ. ನಾಲಗೆ ಒಣಗಿತು, ಎರಡು ನಿಮಿಷಕ್ಕೇ ಇಳಿದುಬಂದೆ. ಯಾಕಮ್ಮ ಸಿದ್ಧವಾಗಲಿಲ್ಲ ಎಂದು ಮೇಷ್ಟ್ರು ಕೇಳಿದಾಗ ಹೊತ್ತಿರಲಿಲ್ಲ ಸಾರ್ ಎಂದೆ. ಅದು ಪೂರಾ ಸುಳ್ಳೂ ಅಲ್ಲ. ನಮ್ಮ ಮನೆಯಲ್ಲಿ ಎರಡು ಹಸುಗಳಿವೆ. ಬೆಳಗಿನ ಜಾವ ಹಾಲು ಕರೆದು ಡೈರಿಗೆ ಹಾಕಿ ಬರುವುದು ನನ್ನ ಪಾಲಿನ ಕೆಲಸ. ಬಿ.ಎ. ತನಕ ಬಂದವರು ನಮ್ಮ ವಂಶದಲ್ಲಿ ನಾನೇ ಮೊದಲಾದ್ದರಿಂದ, ಓದುವವಳಿಗೆ ಎಷ್ಟು ಹೊತ್ತು ಬೇಕೆಂಬ ಅಂದಾಜು ಮನೆಯವರಿಗೂ ಇಲ್ಲ, ನನಗೂ ಇರಲಿಲ್ಲ. ಆ ವಾರವೇ ಲೈಬ್ರರಿಯಿಂದ ಈ ಮಹನೀಯರ ಜೀವನಚರಿತ್ರೆಯನ್ನು ತಂದೆ.

ಎರಡು ಮೇಣದಬತ್ತಿಯ ಕತೆ, ರೈಲಿನ ಕಂಬಿ ಮುರಿದದ್ದನ್ನು ಸದ್ದಿನಿಂದಲೇ ಕಂಡುಹಿಡಿದ ಕತೆ, ಇವೆಲ್ಲ ವಾಚಕರಿಗೆ ಬಾಯಿಪಾಠವಾಗಿವೆ. ಅವುಗಳನ್ನು ಬದಿಗಿಡುತ್ತೇನೆ. ಅಂಥ ಕತೆಗಳನ್ನು ಕೇಳಿದಷ್ಟೂ ಮನುಷ್ಯರು ದೂರವಾಗಿ ವಿಗ್ರಹ ಹತ್ತಿರವಾಗುತ್ತದೆ.

ತಂದೆ ಶ್ರೀನಿವಾಸ ಶಾಸ್ತ್ರಿಗಳು ಮಗನ ಬಾಲ್ಯದಲ್ಲಿಯೇ ತೀರಿಕೊಂಡರು. ತಾಯಿ ವೆಂಕಟಲಕ್ಷ್ಮಮ್ಮನವರು. ಚಿಕ್ಕಬಳ್ಳಾಪುರದಲ್ಲಿ ಮೊದಲ ಓದು ಮುಗಿಸಿ ಹುಡುಗ ಬೆಂಗಳೂರಿಗೆ ಬಂದ. ಇಲ್ಲಿ ಸೋದರಮಾವನ ಆಸರೆಯೊಂದಿತ್ತು. ಕೈಖರ್ಚಿಗೆ ಕೊಡಗಿನ ಒಂದು ಮನೆತನದ ಮಕ್ಕಳಿಗೆ ಪಾಠ ಹೇಳುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮಾಡಿಕೊಂಡರು. ಹಾಲಿನ ಕ್ಯಾನು ಹಿಡಿದು ಓಡಾಡುವ ನನಗೆ, ಬೆಳಗೂ ಸಂಜೆಯೂ ಪರರ ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಈ ವಿದ್ಯಾರ್ಥಿ, ಪೇಟ ಧರಿಸಿದ ದಿವಾನರಿಗಿಂತ ಹೆಚ್ಚು ಗುರುತಿನವರಾದರು. ಮುಂದೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1883ರಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಖಾನ್‌ದೇಶದ ಒಂದು ಹಳ್ಳಿಯ ಬಳಿ, ಹರಿಯುವ ನೀರಿಗೆ ಅಡ್ಡಲಾಗಿ ಕೊಳವೆ ಹಾಯಿಸುವ ಕೆಲಸ ಇವರ ಪಾಲಿಗೆ ಬಂತು. ಮಳೆಗಾಲ ಕಳೆಯಲಿ ಎಂದು ಇವರು ಬರೆದರೆ, ಮೇಲಧಿಕಾರಿ ಅದನ್ನು ಅಶಿಸ್ತೆಂದು ಭಾವಿಸಿದರು. ತರುಣರು ಮುನಿಸಿಕೊಳ್ಳದೆ ಹೊರಟು, ಮಳೆಯಲ್ಲಿಯೇ ಕೆಲಸ ತೀರಿಸಿದರು. ಮುಂದೆ ಸಾವಿರಾರು ಜನರಿಂದ ಕೆಲಸ ತೆಗೆದವರು ಮೊದಲು ತಾವೇ ಹೀಗೆ ಹೇಳಿಸಿಕೊಂಡವರು.

ನಾನು ಹೆಚ್ಚು ಹೊತ್ತು ನಿಂತು ನೋಡಿದ್ದು ಖಡಕ್‌ವಾಸಲಾದ ಬಾಗಿಲುಗಳ ಸಂಗತಿಯನ್ನು. ಪುಣೆಯ ಆ ಜಲಾಶಯದಲ್ಲಿ ಪ್ರತಿವರ್ಷವೂ ಕೋಡಿ ಹರಿದು ನೀರು ಪೋಲಾಗುತ್ತಿತ್ತು. ಕಟ್ಟೆಯನ್ನು ಎತ್ತರಿಸಲು ಹೋಗದೆ, ಕೋಡಿಯ ಮೇಲೆ ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳನ್ನು ಇವರು ಯೋಚಿಸಿದರು. ನೀರು ಗುರುತಿನ ಮಟ್ಟ ಮೀರಿದರೆ ಬಾಗಿಲು ತೆರೆಯಬೇಕು, ಇಳಿದರೆ ಮುಚ್ಚಬೇಕು, ಆಳು ನಿಲ್ಲಬೇಕಾಗಿಲ್ಲ. 1903ರಲ್ಲಿ ಅವು ಅಲ್ಲಿ ಕೂತವು. ಅದೇ ಬಗೆಯ ಬಾಗಿಲುಗಳು ಮುಂದೆ ಕೃಷ್ಣರಾಜಸಾಗರಕ್ಕೂ ಬಂದವು. ಕಾವೇರಿಗೆ ಕಟ್ಟೆ ಹಾಕುವ ಕೆಲಸ ಆರಂಭವಾದದ್ದು 1911ರಲ್ಲಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರು ನಾವು. ಇವರ ಬಾವಿ ಎಂಟು ವರ್ಷ ಮೊದಲೇ ತುಂಬಿತ್ತು.

ಕಟ್ಟೆಯ ತಳಪಾಯದ ವಿಷಯವೂ ಅಂಥದೇ. ಮದರಾಸು ಸರ್ಕಾರ ಮೊದಲು ಒಪ್ಪಿದ್ದು ತಗ್ಗಿನ ಕಟ್ಟೆಗೆ ಮಾತ್ರ. ತಳಪಾಯವನ್ನು ಹಾಕಿದ್ದು ಮುಂದೆ ಬೇಕಾಗುವ ಎತ್ತರದ ಕಟ್ಟೆಗೆ ತಕ್ಕ ಅಗಲದಲ್ಲಿ. ನೆರೆಯ ಸರ್ಕಾರಕ್ಕೆ ಇದು ರುಚಿಸದಿದ್ದರೆ ಆಶ್ಚರ್ಯವಿಲ್ಲ. ಮುಂದಾಲೋಚನೆಗೂ ಹಟಕ್ಕೂ ನಡುವಿನ ಗೆರೆ ಬಹಳ ತೆಳುವು ಎಂದು ನನಗೆ ಅಲ್ಲಿ ತೋರಿತು. ಕಟ್ಟೆ ಪೂರ್ಣವಾದದ್ದು 1931ರಲ್ಲಿ. ಅಷ್ಟು ಹೊತ್ತಿಗೆ ಇವರು ಮೈಸೂರಿನ ಕೆಲಸ ಬಿಟ್ಟು ಹನ್ನೆರಡು ವರ್ಷವಾಗಿತ್ತು.

1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಇವರನ್ನು ದಿವಾನರನ್ನಾಗಿ ಮಾಡಿಕೊಂಡರು. ಮುಂದಿನ ಆರು ವರ್ಷಗಳನ್ನು ಪಟ್ಟಿ ಮಾಡಿದರೆ ಉಸಿರು ಕಟ್ಟುತ್ತದೆ: 1913ರಲ್ಲಿ ಮೈಸೂರು ಬ್ಯಾಂಕು, ಹೆಬ್ಬಾಳದ ವ್ಯವಸಾಯ ಶಾಲೆ, 1915ರಲ್ಲಿ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ಆರು ವರ್ಷದಲ್ಲಿ ಇಷ್ಟು ಹೇಗಾಯಿತೆಂದು ಬೆರಗಾಗುವವರು 1898ನ್ನು ಮರೆಯುತ್ತಾರೆ. ಆ ವರ್ಷ ಇವರು ಜಪಾನಿಗೆ ಹೋಗಿ ಅಲ್ಲಿನ ಶಾಲೆ, ಕೈಗಾರಿಕೆಗಳನ್ನು ನೋಡಿಬಂದಿದ್ದರು. 1908ರಲ್ಲಿ ಮುಂಬಯಿಯ ಕೆಲಸ ಬಿಟ್ಟಾಗಲೂ ಮನೆಯಲ್ಲಿ ಕೂರದೆ ಯುರೋಪು, ಅಮೆರಿಕಗಳನ್ನು ಸುತ್ತಿದರು. ದಿವಾನಗಿರಿ ಆರು ವರ್ಷದ್ದು, ಅದರ ಸಿದ್ಧತೆ ಇಪ್ಪತ್ತೆಂಟು ವರ್ಷದ್ದು.

ಇಲ್ಲಿಗೆ ಮುಗಿಸಿದ್ದರೆ ನನಗೂ ಸುಲಭವಿತ್ತು. ಆದರೆ ದಿವಾನಗಿರಿ ಮುಗಿದ ಬಗೆಯನ್ನು ಬಿಟ್ಟು ಬರೆಯಲು ಮನಸ್ಸು ಒಪ್ಪದು. ಸರ್ಕಾರಿ ಕೆಲಸಗಳಲ್ಲಿ ಒಂದೇ ಜಾತಿಯವರು ತುಂಬಿದ್ದಾರೆಂದು ಬ್ರಾಹ್ಮಣೇತರರು ಅರಿಕೆ ಮಾಡಿಕೊಂಡರು. ಮಹಾರಾಜರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಯೋಗ್ಯತೆ ಹಿಂದಾಗಿ ಆಡಳಿತ ಕೆಡುತ್ತದೆಂಬುದು ದಿವಾನರ ನಿಲುವು. ಒಪ್ಪದೆ ಅಧಿಕಾರ ಬಿಟ್ಟರು. ಆ ಸಮಿತಿ ತೆರೆದ ದಾರಿಯಲ್ಲಿಯೇ, ಬಹಳ ವರ್ಷಗಳ ಮೇಲೆ, ನನ್ನಂಥವಳು ಈ ಕಾಲೇಜಿನ ಬೆಂಚಿನ ತನಕ ಬಂದದ್ದು.

ಇದನ್ನು ಓದಿದ ದಿನ ಪುಸ್ತಕ ಮುಚ್ಚಿಟ್ಟೆ. ನನ್ನ ಮೆಚ್ಚಿನವರಿಗೆ ನಾನು ಬೇಡವಾಗಿದ್ದೆನೇ ಎಂದು ಅಳು ಬಂತು. ಆಮೇಲೆ ಮತ್ತೆ ತೆರೆದೆ. ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಮಾಡುವ ಶಾಸನವನ್ನು 1913ರಲ್ಲಿ ತಂದವರೂ ಇವರೇ. ಬಡವರ ಮಕ್ಕಳು ಶಾಲೆಗೆ ಬರಲೆಂದು ಹಂಬಲಿಸಿದವರಿಗೆ, ಶಾಲೆ ಮುಗಿಸಿ ಬಂದವರಿಗೂ ಕಚೇರಿಯ ಬಾಗಿಲು ತಾನಾಗಿ ತೆರೆಯದೆಂಬುದು ಕಾಣಲಿಲ್ಲ. ಮನೆಯಲ್ಲಿ ಓದಿದವರೊಬ್ಬರಿದ್ದರೆ ಮಗುವಿಗೆ ಎಷ್ಟು ವರ್ಷದ ಸಿದ್ಧತೆ ಬಿಟ್ಟಿಯಾಗಿ ದಕ್ಕುತ್ತದೆಂಬ ಲೆಕ್ಕ, ಹೊತ್ತನ್ನು ಇಷ್ಟು ಚೆನ್ನಾಗಿ ಅಳೆದವರ ಪುಸ್ತಕದಲ್ಲಿ ಬಿಟ್ಟುಹೋಯಿತೆಂದು ನನಗನ್ನಿಸುತ್ತದೆ.

ಅಧಿಕಾರ ಬಿಟ್ಟ ಮೇಲೂ ಅವರು ಸುಮ್ಮನಿರಲಿಲ್ಲ. 1923ರಿಂದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನೋಡಿಕೊಂಡರು. 1934ರಲ್ಲಿ ಭಾರತಕ್ಕೆ ಯೋಜಿತ ಆರ್ಥಿಕ ವ್ಯವಸ್ಥೆ ಬೇಕೆಂದು ಪುಸ್ತಕ ಬರೆದರು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ, ತೀರಿಕೊಂಡರು.

ಈಗ ನಾನು ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಏಳುತ್ತೇನೆ. ಬಸ್ಸು ಹೆಬ್ಬಾಳದಲ್ಲಿ ಸಿಕ್ಕಿಕೊಂಡಾಗ ನೋಟುಬುಕ್ಕು ತೆರೆಯುತ್ತೇನೆ. ಅಲ್ಲಿ ಸಿಕ್ಕಿಕೊಳ್ಳದ ದಿನವೇ ಇಲ್ಲ. ಈ ವರ್ಷವೂ ಚರ್ಚಾಸ್ಪರ್ಧೆಗೆ ಹೆಸರು ಕೊಟ್ಟಿದ್ದೇನೆ. ವಿಷಯ ಮೀಸಲಾತಿ, ನಾನು ವಿಶ್ವೇಶ್ವರಯ್ಯನವರಿಗೆ ಎದುರು ಪಕ್ಷ. ನಾಲ್ಕು ಹಾಳೆ ಬರೆದು ಎರಡು ಸಲ ತಿದ್ದಿ ಆಗಿದೆ, ಮೂರನೆಯ ಸಲ ನಡೆಯುತ್ತಿದೆ.