ರಾಬರ್ಟ್ ಹಾಲಿ: ಒಂದು ಗ್ರಾಮಿಗಾಗಿ ಮೂರು ವರ್ಷ

ಜೀವಕೋಶದೊಳಗೆ ಎರಡು ಭಾಷೆಗಳುಂಟು. ಆನುವಂಶಿಕ ಸಂದೇಶವು ನಾಲ್ಕು ಅಕ್ಷರಗಳ ನ್ಯೂಕ್ಲಿಯಿಕ್ ಆಮ್ಲದ ಭಾಷೆಯಲ್ಲಿದೆ. ದೇಹವನ್ನು ಕಟ್ಟುವ ಪ್ರೋಟೀನುಗಳಾದರೋ ಇಪ್ಪತ್ತು ಅಮೈನೋ ಆಮ್ಲಗಳ ಭಾಷೆಯವು. ಇವೆರಡರ ನಡುವೆ ದುಭಾಷಿಯಾಗಿ ನಿಂತಿರುವ ಕಿರಿಯ ಅಣುವೇ ವರ್ಗಾವಣೆ ಆರ್.ಎನ್.ಎ. ಇಂಥ ಒಬ್ಬ ದುಭಾಷಿಯ ಮೈಬರಹವನ್ನು ಮೊತ್ತಮೊದಲು ಆದ್ಯಂತವಾಗಿ ಓದಿದವರು ಅಮೆರಿಕದ ರಸಾಯನವಿಜ್ಞಾನಿ ರಾಬರ್ಟ್ ವಿಲಿಯಂ ಹಾಲಿಯವರು.

ಹಾಲಿಯವರು 1922ನೆಯ ಜನವರಿ 28ರಂದು ಇಲಿನಾಯ್ ಸಂಸ್ಥಾನದ ಅರ್ಬಾನಾದಲ್ಲಿ ಜನಿಸಿದರು. ತಂದೆತಾಯಿಗಳಿಬ್ಬರೂ ಶಿಕ್ಷಣ ವೃತ್ತಿಯವರು. ಬಾಲ್ಯದ ವಿದ್ಯಾಭ್ಯಾಸವು ಮೂರು ಸಂಸ್ಥಾನಗಳ ಶಾಲೆಗಳಲ್ಲಿ ನಡೆಯಿತು. 1942ರಲ್ಲಿ ಪದವಿ ಪಡೆದು ಕಾರ್ನೆಲ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಯುದ್ಧಕಾಲದಲ್ಲಿ ಪೆನಿಸಿಲಿನ್ನಿನ ಸಂಶ್ಲೇಷಣೆಗೆ ಶ್ರಮಿಸಿದ ತಂಡದಲ್ಲಿ ದುಡಿದು, 1947ರಲ್ಲಿ ಡಾಕ್ಟರೇಟ್ ಗಳಿಸಿದರು.

ಅಲನೀನ್ ಎಂಬ ಅಮೈನೋ ಆಮ್ಲವನ್ನು ಹೊರುವ ಆರ್.ಎನ್.ಎ.ಯನ್ನು ಅವರು ಆರಿಸಿಕೊಂಡರು. ಸುಮಾರು 140 ಕಿಲೋಗ್ರಾಂ ಯೀಸ್ಟನ್ನು ಸಂಸ್ಕರಿಸಿ, ಮೂರು ವರ್ಷಗಳ ದುಡಿಮೆಯಿಂದ ದೊರೆತದ್ದು ಒಂದೇ ಗ್ರಾಂ ಶುದ್ಧ ಪದಾರ್ಥ! ಬೇರೆ ಬೇರೆ ಸ್ಥಾನಗಳಲ್ಲಿ ಕತ್ತರಿಸುವ ಎರಡು ಕಿಣ್ವಗಳಿಂದ ಅದನ್ನು ತುಂಡರಿಸಿ, ತುಂಡುಗಳನ್ನು ಒಂದರೊಡನೊಂದು ಹೋಲಿಸಿ, 77 ಘಟಕಗಳ ಕ್ರಮವನ್ನು 1965ರಲ್ಲಿ ಪ್ರಕಟಿಸಿದರು. 1968ರ ನೊಬೆಲ್ ಪಾರಿತೋಷಕವನ್ನು ಅವರು ಅವಿಭಜಿತ ಪಂಜಾಬಿನಲ್ಲಿ ಜನಿಸಿದ ಹರಗೋವಿಂದ ಖೊರಾನಾ ಮತ್ತು ಮಾರ್ಷಲ್ ನಿರೆನ್‌ಬರ್ಗ್ ಅವರೊಡನೆ ಹಂಚಿಕೊಂಡರು.

ಆದರೆ ಒಂದು ಪ್ರಶ್ನೆ ಉಳಿಯಿತು. ಅಮೈನೋ ಆಮ್ಲವನ್ನು ಆರ್.ಎನ್.ಎ.ಗೆ ಜೋಡಿಸುವ ಕಿಣ್ವವು, ರೂಪದಲ್ಲಿ ಒಂದನ್ನೊಂದು ಹೋಲುವ ಅಷ್ಟೊಂದು ಅಣುಗಳ ನಡುವೆ ತನ್ನದನ್ನು ಗುರುತಿಸುವುದೆಂತು? ಇಲ್ಲಿ ತಪ್ಪಿದರೆ ಪ್ರೋಟೀನಿನಲ್ಲಿಯೂ ತಪ್ಪು ಸೇರಿತೆಂದೇ ಬಗೆಯಬೇಕು. ಈ. ಕೋಲಿ ಬ್ಯಾಕ್ಟೀರಿಯದ ಗ್ಲುಟಮಿನ್ ಕಿಣ್ವವನ್ನು ಅದರ ಆರ್.ಎನ್.ಎ.ಯೊಡನೆ ಸ್ಫಟಿಕವಾಗಿಸಿ, ಯೇಲ್ ವಿಶ್ವವಿದ್ಯಾನಿಲಯದ ಥಾಮಸ್ ಸ್ಟೈಟ್ಸ್ ಅವರ ತಂಡವು 1989ರಲ್ಲಿ ಕ್ಷ-ಕಿರಣಗಳಿಂದ ಅದರ ರಚನೆಯನ್ನು ಬಿಡಿಸಿತು. ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಬಾಗಿದ ಆರ್.ಎನ್.ಎ.ಯ ಎರಡು ತುದಿಗಳನ್ನೂ ಕಿಣ್ವವು ಮುಟ್ಟಿ ಪರೀಕ್ಷಿಸುವುದು ಅದರಲ್ಲಿ ಕಂಡುಬಂದಿತು. ಅಲನೀನಿನ ಕಿಣ್ವದ ರೀತಿಯೇ ಬೇರೆ. ಸಂದೇಶವನ್ನೋದುವ ತುದಿಯನ್ನು ಅದು ಲೆಕ್ಕಿಸುವುದಿಲ್ಲ. ಅಮೈನೋ ಆಮ್ಲ ಸೇರುವ ತೋಳಿನ ಮೂರನೆಯ ಜೋಡಿಯಲ್ಲಿ ಗ್ವಾನೀನಿಗೆ ಯುರಾಸಿಲ್ ಎದುರಾಗಿರುವುದೇ ಅದಕ್ಕೆ ಮುಖ್ಯ ಗುರುತು. ಇದನ್ನು 1988ರಲ್ಲಿ ಯಾ-ಮಿಂಗ್ ಹೌ ಮತ್ತು ಪಾಲ್ ಶಿಮ್ಮೆಲ್ ತೋರಿಸಿಕೊಟ್ಟರು.

ಆ ಜೋಡಿ ಹಾಲಿಯವರು 1965ರಲ್ಲಿ ಬರೆದ ಸಾಲಿನಲ್ಲಿಯೇ ಇದ್ದಿತು. ಅದರ ಅರ್ಥ ಹೊಳೆಯಲು ಇಪ್ಪತ್ತಮೂರು ವರ್ಷ ಹಿಡಿಯಿತು. ಬಿಡುವಿನಲ್ಲಿ ಕಂಚಿನ ಶಿಲ್ಪಗಳನ್ನು ರಚಿಸುತ್ತಿದ್ದ ಆ ವಿಜ್ಞಾನಿ 1993ರ ಫೆಬ್ರವರಿ 11ರಂದು ಕಾಲವಾದರು.

ವಿದ್ಯಾರ್ಥಿಗಳೇ, ಒಂದು ಅಕ್ಷರವನ್ನೂ ಬಿಡದೆ ಸರಿಯಾಗಿ ಬರೆದಿಡುವುದು ಸಣ್ಣ ಕೆಲಸವಲ್ಲ. ಅದರ ಮೇಲೆಯೇ ಮುಂದಿನವರ ತಿಳಿವು ನಿಲ್ಲುತ್ತದೆ.